ಮನೆ ತಂಪಾಗಲು ಛಾವಣಿಗೆ ಏನು ಹಾಕಿಸೋದು? ಬೆಂಕಿ ಸುರಕ್ಷತಾ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ನಮ್ಮ ಬಳಗದ ಇಂಜಿನಿಯರ್ ಸಿಕ್ಕಿದ್ದಾರೆ. ಕಟ್ಟಡಗಳ ಬೆಂಕಿ ಸುರಕ್ಷತೆಯೇ ಅವರ ಕೆಲಸ. ಕೇಳಿ. ಫಾರ್ವರ್ಡ್ ಹಾಕಬೇಡಿ, ದಯವಿಟ್ಟು.

ದಾವಣಗೆರೆ ಸೊಸೆ: ಆರ್‌ಸಿಸಿ ಮನೆ. ರಾತ್ರಿ ಹತ್ತಾದರೂ ಮೇಲಿನ ರೂಮಿನ ಕಾವು ಇಳಿಯುವುದಿಲ್ಲ. ಒಳಗಡೆ ಥರ್ಮಾಕೋಲ್ ಅಂಟಿಸಿ ಫಾಲ್ಸ್ ಸೀಲಿಂಗ್ ಮಾಡಿಸಿದರೆ ಆಗುತ್ತಾ?

ಇಂಜಿನಿಯರ್: ಬೇಡ. ಬಿಸಿಲನ್ನು ತಾರಸಿ ಮೇಲೇ ತಡೆಯಬೇಕು. ಒಳಗೆ ಅಂಟಿಸಿದರೆ ಸ್ಲ್ಯಾಬ್ ಕಾಯುವುದು ತಪ್ಪುವುದಿಲ್ಲ. ಅದರ ಜೊತೆಗೆ ಉರಿಯುವ ಸಾಮಾನನ್ನು ತಲೆ ಮೇಲೆ ಇಟ್ಟುಕೊಂಡ ಹಾಗಾಗುತ್ತದೆ. ಮೊದಲು ತಾರಸಿಗೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿ, ಒಂದು ಬೇಸಿಗೆ ನೋಡಿ. ಸಾಲದಿದ್ದರೆ ಸ್ಲ್ಯಾಬ್ ಮೇಲೆ ಎಕ್ಸ್‌ಪಿಎಸ್ ಬೋರ್ಡ್ (ಗಟ್ಟಿ ಫೋಮ್ ಹಲಗೆ), ಅದರ ಮೇಲೆ ಕಾಂಕ್ರೀಟ್ ಸ್ಕ್ರೀಡ್, ಅಂದರೆ ಕಾಂಕ್ರೀಟಿನ ತೆಳು ಪದರ. ಎಕ್ಸ್‌ಪಿಎಸ್ ಕೂಡ ಉರಿಯುವ ಪ್ಲಾಸ್ಟಿಕ್ಕೇ. ಆದರೆ ಕೆಳಗೆ ಸ್ಲ್ಯಾಬ್, ಮೇಲೆ ಸ್ಕ್ರೀಡ್ ಇದ್ದರೆ ರೂಮಿನ ಬೆಂಕಿ ಅದನ್ನು ಸುಲಭಕ್ಕೆ ಮುಟ್ಟುವುದಿಲ್ಲ.

ಹುಬ್ಬಳ್ಳಿ ಮಂದಿ: ಸರ್, ಒಳಗೆ ಥರ್ಮಾಕೋಲ್ ಹಾಕಬಹುದಾ?

ಇಂಜಿನಿಯರ್: ಮೇಲೆ ಓದಿ.

ಟೆರೇಸ್ ತೋಟ: ಬಂದದ್ದನ್ನು ಹಾಕ್ತಿದ್ದೀನಿ: "ಪೆಟ್ರೋಲ್‌ನಲ್ಲಿ ಥರ್ಮಾಕೋಲ್ ಕರಗಿಸಿ ತಾರಸಿಗೆ ಬಳಿಯಿರಿ. ಸೋರಿಕೆಯೂ ನಿಲ್ಲುತ್ತೆ, ಮನೆಯೂ ತಂಪು. ಎಲ್ಲರಿಗೂ ಕಳಿಸಿ."

ಇಂಜಿನಿಯರ್: ಯಾರಿಗೂ ಕಳಿಸಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ತಾರಸಿಯಿಂದ ಮೆಟ್ಟಿಲಲ್ಲಿ ಇಳಿದು ಮನೆಯೊಳಗೇ ಬರುತ್ತದೆ, ದೇವರ ದೀಪ ಸಾಕು ಹೊತ್ತಿಕೊಳ್ಳಲು. ಆ ಅಂಟು ಮೈಮೇಲೆ ಬಿದ್ದು ಹೊತ್ತಿಕೊಂಡರೆ ಒರೆಸಿದರೂ ಹೋಗುವುದಿಲ್ಲ. ಇಂಥದ್ದನ್ನು ಯಾರು ಕೂತು ಬರೀತಾರೋ!

ಟೆರೇಸ್ ತೋಟ: ಬಂದದ್ದು ಹಾಕಿದೆ ಅಷ್ಟೇ, ನಾನು ಬರೆದದ್ದಲ್ಲ.

ಶಿರಸಿ ಹೆಗಡೆ: ತಗಡಿನ ಮಾಡಿನ ಮೇಲೆ ಬೇಸಿಗೆಗೆ ಅಡಿಕೆ ಸೋಗೆ ಹೊದಿಸುತ್ತೇವೆ. ಬಚ್ಚಲ ಒಲೆಯ ಹೊಗೆ ಕೊಳವೆ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ. ಎಷ್ಟು ದೂರ ಬಿಡಬೇಕು?

ಬಳ್ಳಾರಿ ಬಿಸಿಲು: ತಾರಸಿ ಮೇಲೆ ಶೀಟ್ ಹಾಕಿ ಒಂದು ರೂಮ್ ಕಟ್ಟಿಸಿ ಇಬ್ಬರು ಹುಡುಗರಿಗೆ ಬಾಡಿಗೆ ಕೊಟ್ಟಿದ್ದೇವೆ. ಶೀಟಿನ ಕೆಳಗೆ ಥರ್ಮಾಕೋಲ್, ಅದರ ಕೆಳಗೆ ಪಿವಿಸಿ ಪ್ಯಾನಲ್. ತಂಪೇನೋ ಆಗಿದೆ. ಆದರೆ ಲೈಟಿನ ಸುತ್ತ ಪ್ಯಾನಲ್ ಹಳದಿಯಾಗಿ ಸ್ವಲ್ಪ ಬಗ್ಗಿದೆ. ಎರಡು ಫೋಟೋ ಹಾಕಿದ್ದೇನೆ. ಒಂದರಲ್ಲಿ ಪ್ಯಾನಲ್ ಬಿಚ್ಚಿದೆ. ಹೊಸ ಪ್ಯಾನಲ್ ಹಾಕಿಸಿದರೆ ಸಾಕಲ್ವಾ?

ಇಂಜಿನಿಯರ್: ಈಗಲೇ ಆ ರೂಮಿನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ. ಆಮೇಲೆ ಇದಕ್ಕೆ ಉತ್ತರ ಕೊಡಿ: ಹುಡುಗರು ಅಡುಗೆ ಎಲ್ಲಿ ಮಾಡುತ್ತಾರೆ? ಕಿಟಕಿಗೆ ಗ್ರಿಲ್ ಇದೆಯಾ? ಇಳಿಯಲು ಎಷ್ಟು ಮೆಟ್ಟಿಲು ದಾರಿ?

ಬಳ್ಳಾರಿ ಬಿಸಿಲು: ರೂಮಿನಲ್ಲೇ, ಚಿಕ್ಕ ಸಿಲಿಂಡರ್. ಗ್ರಿಲ್ ಫಿಕ್ಸ್ ಮಾಡಿದ್ದು. ಮೆಟ್ಟಿಲು ಒಂದೇ. ಅದರ ಬುಡದಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್‌ಗೆ ಹಾಕ್ತಾರೆ.

ಇಂಜಿನಿಯರ್: ಎರಡನೇ ಫೋಟೋ ದೊಡ್ಡದು ಮಾಡಿ ನೋಡಿ. ಲೈಟಿನ ಮೇಲಿದ್ದ ಥರ್ಮಾಕೋಲ್ ಬಟ್ಟಲಿನ ಹಾಗೆ ಒಳಗೆ ಕುಗ್ಗಿದೆ. 100 ಡಿಗ್ರಿ ಹತ್ತಿರ ಬಂದರೆ ಅದು ಹಾಗೆ ಮೆತ್ತಗಾಗುತ್ತದೆ. ಅಂದರೆ ಅಲ್ಲಿ ಅಷ್ಟು ಕಾವು ಆಗಲೇ ಬಂದು ಹೋಗಿದೆ. ಎಡಗಡೆ ವೈರ್ ಜಾಯಿಂಟ್ ಹತ್ತಿರ ಕಪ್ಪು ಕಲೆ ಇದೆ, ನನ್ನ ಅನುಮಾನ ಅದರ ಮೇಲೆ. ಜಾಯಿಂಟ್ ಸಡಿಲ ಇದ್ದರೆ ಬಿಸಿಯಾಗುತ್ತದೆ, ಸುತ್ತ ಥರ್ಮಾಕೋಲ್ ಇದ್ದರೆ ಆ ಬಿಸಿ ಹೊರಗೆ ಹೋಗುವುದಿಲ್ಲ. ಇನ್ನೊಂದು ವಿಷಯ ಎಷ್ಟೋ ಎಲೆಕ್ಟ್ರಿಷಿಯನ್‌ಗಳಿಗೂ ಗೊತ್ತಿರುವುದಿಲ್ಲ. ವೈರಿನ ಪಿವಿಸಿ ಹೊದಿಕೆ ಥರ್ಮಾಕೋಲ್‌ಗೆ ತಾಗಿಕೊಂಡೇ ಇದ್ದರೆ, ಅದನ್ನು ಮೆತ್ತಗೆ ಇಡುವ ಪ್ಲಾಸ್ಟಿಸೈಜರ್ ಥರ್ಮಾಕೋಲ್‌ಗೆ ಇಳಿಯುತ್ತದೆ. ವರ್ಷಗಳಾದ ಮೇಲೆ ವೈರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಥರ್ಮಾಕೋಲ್ ಹೊತ್ತಿಕೊಂಡರೆ ಮೊದಲು ಕರಗುತ್ತದೆ, ಉರಿಯುವ ಹನಿಗಳಾಗಿ ಹಾಸಿಗೆ ಮೇಲೆ ಬೀಳುತ್ತದೆ. ಹೊಗೆ ಕಡುಕಪ್ಪು. ಪಿವಿಸಿಯಿಂದ ಬರುವ ಹೈಡ್ರೋಜನ್ ಕ್ಲೋರೈಡ್‌ಗೆ ಕಣ್ಣು ಬಿಡಲಾಗುವುದಿಲ್ಲ, ಗಂಟಲು ಕಟ್ಟುತ್ತದೆ. ಅಷ್ಟು ತಗ್ಗಿನ ರೂಮ್ ತುಂಬಲು ಹೊತ್ತು ಬೇಕಾಗಿಲ್ಲ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅದರಲ್ಲಿದ್ದರು. ಗ್ರಿಲ್ ಇರುವುದರಿಂದ ನಿಮ್ಮ ಹುಡುಗರಿಗೆ ಕಿಟಕಿಯ ದಾರಿಯೂ ಇಲ್ಲ. ಮೆಟ್ಟಿಲ ಬುಡದಲ್ಲಿ ಸ್ಕೂಟರ್ ಬ್ಯಾಟರಿ ಹೊತ್ತಿಕೊಂಡರೆ ಇರುವ ಒಂದು ದಾರಿಯೂ ಹೋಯಿತು.

ಥರ್ಮಾಕೋಲ್, ಪ್ಯಾನಲ್ ಎರಡನ್ನೂ ಪೂರ್ತಿ ತೆಗೆಸಿ. ಶೀಟಿನ ಕೆಳಗೆ 50 ಮಿಮೀ ರಾಕ್‌ವೂಲ್ ಹಾಕಿಸಿ. ಅದು ಬಸಾಲ್ಟ್ ಕಲ್ಲನ್ನು ಕರಗಿಸಿ ಎಳೆದ ನೂಲು, ಸಾವಿರ ಡಿಗ್ರಿಯಲ್ಲೂ ಉರಿಯುವುದಿಲ್ಲ. ಐಎಸ್ 8183 ಗುರುತು ಇದೆಯಾ ನೋಡಿ. ಕೆಳಗೆ ಜಿಪ್ಸಮ್ ಬೋರ್ಡ್. ರಾಕ್‌ವೂಲ್ ತಾಗಿದರೆ ಮೈ ತುರಿಸುತ್ತದೆ, ಕೆಲಸದವರಿಗೆ ಮಾಸ್ಕ್, ಗ್ಲೌಸ್ ಕೊಡಿ. ವೈರ್ ಎಲ್ಲ ಕಂಡ್ಯೂಟ್ ಪೈಪ್‌ನಲ್ಲಿ ಹೋಗಲಿ, ಲೈಟ್ ಹೊರಗೆ ಕಾಣುವ ಹಾಗೆ ಇರಲಿ. ಗ್ರಿಲ್‌ನಲ್ಲಿ ಒಳಗಿಂದ ಬೀಗದ ಕೈ ಇಲ್ಲದೆ ತೆಗೆಯುವ ಬಾಗಿಲು ಮಾಡಿಸಿ. ಸಿಲಿಂಡರ್ ಹೊರಗೆ, ಸ್ಕೂಟರ್ ಬೇರೆ ಕಡೆ. ಅಲ್ಲಿಯವರೆಗೆ ಆ ರೂಮಿನಲ್ಲಿ ಯಾರೂ ಮಲಗಬಾರದು.

ಪ್ಯಾನಲ್ ವ್ಯಾಪಾರಿ: ಸುಮ್ನೆ ಹೆದರಿಸ್ತಿದ್ದೀರಿ. ಎಫ್‌ಆರ್ ಗ್ರೇಡ್ ಥರ್ಮಾಕೋಲ್ ಬರುತ್ತೆ. ಲೈಟರ್ ಹಿಡಿದು ತೆಗೆದರೆ ತಾನೇ ಆರುತ್ತೆ, ವಿಡಿಯೋ ಇದೆ.

ಇಂಜಿನಿಯರ್: ಲೈಟರ್ ತೆಗೆಯಬಹುದು. ಉರಿಯುವ ಹಾಸಿಗೆಯನ್ನು ಯಾರು ತೆಗೆಯುತ್ತಾರೆ? ಎಫ್‌ಆರ್ ಅಂದರೆ ಹೊತ್ತಿಕೊಳ್ಳುವುದು ತಡ, ಅಷ್ಟೇ. ವಿಡಿಯೋ ಬೇಡ, ಟೆಸ್ಟ್ ರಿಪೋರ್ಟ್ ಹಾಕಿ.

ಲಂಡನ್ ಕನ್ನಡಿಗ: ಇಲ್ಲಿ ಗ್ರೆನ್‌ಫೆಲ್ ಟವರ್‌ಗೂ ಸರ್ಟಿಫಿಕೇಟ್ ಇದ್ದ ಸಾಮಾನನ್ನೇ ಹಾಕಿದ್ದರು. 2017ರ ಜೂನ್‌ನಲ್ಲಿ ಅಲ್ಲಿ ಬೆಂಕಿ ಬಿದ್ದು 72 ಜನ ಹೋದರು. ಒಳಗಿದ್ದದ್ದು ಇನ್ಸುಲೇಷನ್ ಫೋಮ್.

ಪ್ಯಾನಲ್ ವ್ಯಾಪಾರಿ: ಅದು ಗೋಡೆಯ ಹೊರಗೆ ಹೊದಿಸುವ ಕ್ಲ್ಯಾಡಿಂಗ್. ಗೊತ್ತಿಲ್ಲದೆ ಮಾತಾಡಬೇಡಿ. ಲಂಡನ್ನಿನಲ್ಲಿ ಕೂತು ಬಳ್ಳಾರಿ ಬಿಸಿಲಿಗೆ ಬುದ್ಧಿ ಹೇಳೋದು ಸುಲಭ.

ಲಂಡನ್ ಕನ್ನಡಿಗ: ನಾನು ಹುಟ್ಟಿದ್ದೇ ಸಿರುಗುಪ್ಪದಲ್ಲಿ.

ಇಂಜಿನಿಯರ್: ಇಬ್ಬರದೂ ಅರ್ಧರ್ಧ ಸರಿ. ಅಲ್ಲಿ ಬೆಂಕಿ ಏರಿದ್ದು ಮುಖ್ಯವಾಗಿ ಅಲ್ಯೂಮಿನಿಯಂ ಹಾಳೆಗಳ ನಡುವಿನ ಪಾಲಿಥೀನ್‌ನಿಂದ. ಹಿಂದಿದ್ದ ಫೋಮ್ ಜೊತೆ ಸೇರಿತು. ಈಗ ನಿಲ್ಲಿಸಿ.

ಹಂಚಿನ ಮನೆ: ನಮ್ಮ ಅಜ್ಜನ ಮಂಗಳೂರು ಹಂಚಿನ ಮನೆಗೆ ಇದ್ಯಾವುದೂ ಬೇಕಿರಲಿಲ್ಲ. ಎಲ್ಲ ಸಿಮೆಂಟಿನ ಹುಚ್ಚು.

ದಾವಣಗೆರೆ ಸೊಸೆ: ಹಂಚಿನ ಕೆಳಗೆ ಮರದ ಪಕಾಸಿ ಇರಲಿಲ್ವಾ? ಅದು ಉರಿಯಲ್ವಾ? ಮಳೆಗಾಲದಲ್ಲಿ ಹಂಚು ಸರಿಪಡಿಸಲು ಹತ್ತುತ್ತಿದ್ದದ್ದು ಯಾರು, ನೀವಾ?

ಹಂಚಿನ ಮನೆ: ಹಳ್ಳಿ ಗೊತ್ತಿಲ್ಲದವರ ಜೊತೆ ಏನು ವಾದ.

ಅಡ್ಮಿನ್: ಇಬ್ಬರೂ ಇನ್‌ಬಾಕ್ಸ್‌ಗೆ ಹೋಗಿ.

ರೆಕಾರ್ಡಿಂಗ್ ಹುಡುಗ: ಸರ್, ರೂಮಿನ ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ, ಅದರ ಮೇಲೆ ಫೋಮ್ ಹಾಕಿ ಹಾಡು ರೆಕಾರ್ಡ್ ಮಾಡ್ತೀನಿ. ತೊಂದರೆ ಇಲ್ಲ ತಾನೇ?

ಇಂಜಿನಿಯರ್: ಇದೆ. ಅಮೆರಿಕದ ರೋಡ್ ಐಲ್ಯಾಂಡ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ ವೇದಿಕೆ ಸುತ್ತ ಸದ್ದು ತಡೆಯಲು ಫೋಮ್ ಅಂಟಿಸಿದ್ದರು. 2003ರಲ್ಲಿ ಪಟಾಕಿ ಕಿಡಿ ತಾಗಿ 100 ಜನ ಸತ್ತರು. ಮೊಟ್ಟೆ ಟ್ರೇ ಒಣ ಕಾಗದ, ಸದ್ದನ್ನೂ ಸರಿಯಾಗಿ ತಡೆಯುವುದಿಲ್ಲ. ರಾಕ್‌ವೂಲ್‌ಗೆ ಬಟ್ಟೆ ಹೊದಿಸಿ ಹಾಕು.

ಶಿರಸಿ ಹೆಗಡೆ: ಸೋಗೆ ಬಗ್ಗೆ ಕೇಳಿದ್ದೆ, ಮೇಲೆ ಹೋಗಿಬಿಟ್ಟಿದೆ.

ಹುಬ್ಬಳ್ಳಿ ಮಂದಿ: ಥರ್ಮಾಕೋಲ್ ಮೇಲೆ ಪಿಒಪಿ ಹಚ್ಚಿದರೆ ನಡೀತದೇನು ಸರ್?

ಇಂಜಿನಿಯರ್: ಇಲ್ಲ. ಇಲ್ಲ ಅಂದರೆ ಇಲ್ಲ.

ಹುಬ್ಬಳ್ಳಿ ಮಂದಿ: ಕೇಳಿದ್ದಕ್ಕೆ ಸಿಟ್ಟು ಯಾಕ್ರೀ?

ಬಳ್ಳಾರಿ ಬಿಸಿಲು: ರಾಕ್‌ವೂಲ್ ರೇಟ್ ಕೇಳಿದೆ, ಜಾಸ್ತಿ ಇದೆ. ಹುಡುಗರ ಪರೀಕ್ಷೆ ಮುಗಿದ ಮೇಲೆ ಮಾಡಿಸಿದರೆ ನಡೆಯುತ್ತಾ?

ಇಂಜಿನಿಯರ್: ಎಂಸಿಬಿ ಆಫ್ ಮಾಡಿದಿರಾ ಇಲ್ಲವಾ?

ಬಳ್ಳಾರಿ ಬಿಸಿಲು: ಮಾಡಿದೆ. ಫ್ಯಾನ್ ಇಲ್ಲ ಅಂತ ಇಬ್ಬರೂ ಜಗಳಕ್ಕೆ ಬಂದಿದ್ದಾರೆ.

ಇಂಜಿನಿಯರ್: ನಿಮ್ಮ ಮನೆ ಹಾಲ್‌ನಲ್ಲಿ ಮಲಗಿಸಿ. ರಾಕ್‌ವೂಲ್ ಆಮೇಲೆ ಹಾಕಿಸಿ, ಥರ್ಮಾಕೋಲ್ ಈ ವಾರವೇ ಇಳಿಸಿ. ನಾಳೆ ಎಲೆಕ್ಟ್ರಿಷಿಯನ್ ಬಂದು ಆ ಜಾಯಿಂಟ್ ಬಿಚ್ಚಿದ ತಕ್ಷಣ ಫೋಟೋ ಹಾಕಿ. ಅದಕ್ಕೆ ಮಾತ್ರ ಉತ್ತರ ಕೊಡುತ್ತೇನೆ.