ಪಾಲುದಾರರು ಡ್ರಿಲ್ಲಿಂಗ್ ಅರ್ಧಕ್ಕೇ ನಿಲ್ಲಿಸಿದ್ದಾರೆ, ಕರಾರು ರದ್ದು ಮಾಡಬಹುದಾ?

ಅದಿರುಶೋಧ:
ನಮ್ಮದು ಸಣ್ಣ ಕಂಪನಿ. ಒಂದು ತಾಮ್ರದ ಜಾಗದಲ್ಲಿ ಅದಿರು ಹುಡುಕುವ ಲೈಸೆನ್ಸ್ ನಮ್ಮ ಹೆಸರಿನಲ್ಲಿದೆ. ದೊಡ್ಡ ಕಂಪನಿಯೊಂದರ ಜೊತೆ ಕರಾರಾಗಿತ್ತು. ಅವರ ಖರ್ಚಿನಲ್ಲಿ ಡ್ರಿಲ್ಲಿಂಗ್ ಮಾಡಿ, ಗಣಿ ಗಿಟ್ಟುತ್ತದೋ ಇಲ್ಲವೋ ಅನ್ನುವ ವರದಿ ಕೊಡಬೇಕು, ಕೊಟ್ಟರೆ ಶೇ. 51 ಪಾಲು ಅವರದು. ಗಡುವು ಮುಗಿದಿದೆ. ಅರ್ಧ ಬೋರ್ ಕೊರೆದು ರಿಗ್ ಎತ್ತಿಕೊಂಡು ಹೋದವರು ತಿರುಗಿ ಬಂದಿಲ್ಲ. ಒಂದು ಸಲ ತಾಮ್ರದ ಬೆಲೆ ಬಿದ್ದಿದೆ ಅಂತಾರೆ, ಇನ್ನೊಂದು ಸಲ ಜಮೀನಿನೊಳಗೆ ಹೋಗಲು ನೀವು ಕೊಡಿಸಬೇಕಿದ್ದ ಅನುಮತಿ ತಡವಾಯ್ತು ಅಂತಾರೆ. ವರ್ಷಕ್ಕೆ ಇಷ್ಟು ಕೆಲಸ ಆಗಲೇಬೇಕು ಅಂತ ಲೈಸೆನ್ಸ್‌ನಲ್ಲೇ ಷರತ್ತಿದೆ. ಹೀಗೇ ಕೂತರೆ ಅದೂ ಕೈತಪ್ಪುತ್ತದೆ. ಕರಾರು ರದ್ದಾಗಿದೆ ಅಂತ ಒಂದು ಇಮೇಲ್ ಹಾಕಿದರೆ ಸಾಕಾ?

ಕರಾರುಪತ್ರ:
ದಯವಿಟ್ಟು ಹಾಗೆ ಮಾಡಬೇಡಿ. ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ಮೊದಲು ಲೋಪದ ನೋಟಿಸ್ ಕೊಡಬೇಕು, ಸರಿಪಡಿಸಿಕೊಳ್ಳಲು ಇಂತಿಷ್ಟು ದಿನ ಬಿಡಬೇಕು, ಆಮೇಲೂ ಆಗದಿದ್ದರೆ ಮಾತ್ರ ರದ್ದು ಅಂತ ಇರುತ್ತದೆ. ನೋಟಿಸ್ ಯಾವ ವಿಳಾಸಕ್ಕೆ, ಹೇಗೆ ಹೋಗಬೇಕು ಅನ್ನುವುದೂ ಬರೆದಿರುತ್ತದೆ. ಈ ಹೆಜ್ಜೆ ಬಿಟ್ಟು ರದ್ದು ಮಾಡಿದರೆ ಕರಾರು ಮುರಿದವರು ನೀವೇ ಅಂತಾಗಿ, ಪರಿಹಾರ ಕೇಳುವ ಸರದಿ ಅವರದಾಗುತ್ತದೆ.

ಬೆಲೆ ಬಿದ್ದ ಕಾರಣಕ್ಕೆ ಜಾಸ್ತಿ ಹೆದರಬೇಡಿ. ಪ್ರವಾಹ, ಯುದ್ಧದಂಥ ಕೈಮೀರಿದ ಘಟನೆಗೆ ಇರುವ ಫೋರ್ಸ್ ಮೆಜೂರ್ ಕಲಮು ಬರೀ ನಷ್ಟದ ವ್ಯಾಪಾರಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದರೂ ನಿಮ್ಮ ಕರಾರಿನಲ್ಲಿ ಏನಿದೆ ಅಂತ ಪದ ಪದ ಓದಿ.

ಹಳೇಗಣಿ:
ನನಗೆ ಚಿಂತೆ ಆಗಿದ್ದು ಆ ಅನುಮತಿಯ ಮಾತು. ವೆನೆಜುವೆಲಾದ ಲಾಸ್ ಕ್ರಿಸ್ಟಿನಾಸ್ ಚಿನ್ನದ ಗಣಿ ಗೊತ್ತಲ್ವಾ? ಕ್ರಿಸ್ಟಲೆಕ್ಸ್ ಅನ್ನುವ ಕೆನಡಾ ಕಂಪನಿಗೆ 2002ರಲ್ಲಿ ಅದರ ಕರಾರು ಸಿಕ್ಕಿತು. 2008ರಲ್ಲಿ ಸರ್ಕಾರ ಪರಿಸರ ಅನುಮತಿ ನಿರಾಕರಿಸಿತು. 2011ರಲ್ಲಿ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕೆಲಸ ನಿಂತಿದೆ ಅನ್ನುವುದನ್ನೂ ಕಾರಣವಾಗಿ ಕೊಟ್ಟು ಅಲ್ಲಿನ ಸರ್ಕಾರಿ ನಿಗಮ ಕರಾರು ರದ್ದು ಮಾಡಿತು. ಅನುಮತಿಯನ್ನೇ ಕೊಡದೆ ಕೆಲಸ ಯಾಕೆ ಮಾಡಲಿಲ್ಲ ಅಂದರೆ ಹೇಗೆ? ವಿವಾದ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗಿ, 2016ರಲ್ಲಿ ಕಂಪನಿಗೆ ಸುಮಾರು 120 ಕೋಟಿ ಡಾಲರ್ ಪರಿಹಾರ, ಮೇಲೆ ಬಡ್ಡಿ ಕೊಡಬೇಕು ಅಂತ ತೀರ್ಪು ಬಂತು. ಅದು ಸರ್ಕಾರದ ವಿರುದ್ಧ ಹೂಡಿಕೆ ಒಪ್ಪಂದದಡಿ ನಡೆದ ದಾವೆ, ನಿಮ್ಮದು ಎರಡು ಕಂಪನಿಗಳ ನಡುವಿನದು, ನಿಜ. ಆದರೆ ನಿಮ್ಮ ಪ್ರಕರಣದಲ್ಲೂ ಎದುರಿನ ವಕೀಲರು ಮೊದಲು ಕೇಳುವುದು ಇದನ್ನೇ. ಅನುಮತಿ ನಿಜವಾಗಿಯೂ ತಡವಾಗಿತ್ತಾ?

ಅದಿರುಶೋಧ:
ಜಾಗದ ದಕ್ಷಿಣ ಭಾಗದ್ದು ತಡವಾಗಿಯೇ ಬಂತು. ಉತ್ತರದ್ದು ಮೊದಲಿನಿಂದಲೂ ಇತ್ತು. ಅಲ್ಲೂ ಬೋರ್ ಬಾಕಿ ಇದೆ.

ಹಳೇಗಣಿ:
ಹಾಗಾದರೆ ನಿಮ್ಮ ಬಲ ಇರುವುದು ಉತ್ತರದಲ್ಲಿ. ಬಾಕಿ ಇರುವ ಒಂದೊಂದು ಬೋರ್‌ಗೂ ಅನುಮತಿ ಬಂದ ದಿನ, ರಿಗ್ ಹೊರಟ ದಿನ ಬರೆದು ನೋಟಿಸ್‌ಗೆ ಲಗತ್ತಿಸಿ. ದಕ್ಷಿಣಕ್ಕೆ ತಡವಾದಷ್ಟು ದಿನ ಗಡುವು ವಿಸ್ತರಿಸಿ ಅಂತ ಅವರು ಕೇಳಬಹುದು, ಅದನ್ನು ನೀವೇ ಮೊದಲು ಕೊಟ್ಟುಬಿಟ್ಟರೆ ಅವರ ವಾದಕ್ಕೆ ಜಾಗವೇ ಉಳಿಯುವುದಿಲ್ಲ. ಈ ಮಧ್ಯೆ ಅವರಿಂದ ಯಾವುದೇ ಕಂತು ಬಂದರೆ ಸುಮ್ನೆ ತಗೊಳ್ಳಬೇಡಿ, ಹಕ್ಕು ಬಿಟ್ಟುಕೊಟ್ಟಿಲ್ಲ ಅಂತ ಬರೆದು ಆಮೇಲೆ ತಗೊಳ್ಳಿ. ಲೈಸೆನ್ಸ್ ಷರತ್ತಿನ ವಿಷಯದಲ್ಲಿ ಅವರಿಗೆ ಕಾಯಬೇಡಿ. ಗಡುವು ವಿಸ್ತರಣೆಗೆ ಇವತ್ತೇ ಅರ್ಜಿ ಹಾಕಿ.

ಕೋರ್‌ಬಾಕ್ಸ್:
ನಾನು ಡ್ರಿಲ್ ಕೋರ್, ಅಂದರೆ ಬೋರ್ ಕೊರೆದಾಗ ಹೊರತೆಗೆದ ಉದ್ದನೆಯ ಕಲ್ಲಿನ ತುಂಡುಗಳನ್ನು ದಾಖಲಿಸುವ ಭೂವಿಜ್ಞಾನಿ. ಎಲ್ಲರೂ ಕಾಗದದ ಬಗ್ಗೆ ಹೇಳಿದಿರಿ, ಕಲ್ಲು ಎಲ್ಲಿದೆ? ಕೊರೆದ ಕೋರ್ ಬಾಕ್ಸ್‌ಗಳು, ಅದರೊಳಗೆ ಆಳ ಬರೆದಿಟ್ಟ ಬಿಲ್ಲೆಗಳು, ಲ್ಯಾಬ್‌ನ ಮೂಲ ಪ್ರಮಾಣಪತ್ರಗಳು, ಬೋರ್ ಇರುವ ಜಾಗದ ಸರ್ವೆ, ಇವೆಲ್ಲ ಯಾರ ಕೈಯಲ್ಲಿವೆ ನೋಡಿ. ರದ್ದಾದ ಮೇಲೆ ಎಲ್ಲಾ ಮಾಹಿತಿ ನಿಮಗೆ ಒಪ್ಪಿಸಬೇಕು ಅನ್ನುವ ಕಲಮು ಇದ್ದರೆ ಅದನ್ನೂ ನೋಟಿಸ್‌ನಲ್ಲಿ ಸೇರಿಸಿ. ಬಾಕ್ಸ್‌ಗಳು ಮಳೆಗೆ ಸಿಕ್ಕಿ ಬಿಲ್ಲೆ ಕದಲಿದರೆ ಯಾವ ಕಲ್ಲು ಎಷ್ಟು ಆಳದ್ದು ಅಂತ ತಿಳಿಯುವುದೇ ಕಷ್ಟ. ಮುಂದೆ ಬರುವ ಪಾಲುದಾರರು ಅದೇ ಬೋರ್‌ಗಳನ್ನು ಮತ್ತೆ ಕೊರೆಯಿರಿ ಅಂತಾರೆ. ನೋಟಿಸ್ ಕಳಿಸುವ ಮೊದಲೇ ಶೆಡ್‌ಗೆ ಹೋಗಿ ಪ್ರತಿ ಬಾಕ್ಸ್‌ನ ಫೋಟೋ ತೆಗೆದಿಡಿ.