ಬಾನೆಟ್ ಕೊರೆಯುವ ಮೊದಲು: ಗ್ಯಾರೇಜಿನವರೊಂದಿಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಶಿರಸಿಯಲ್ಲಿ ಬಹುಕಾಲದಿಂದ ಗ್ಯಾರೇಜು ನಡೆಸುತ್ತಿರುವ ನಮ್ಮ ಸದಸ್ಯರೊಬ್ಬರು ಈ ವಾರ ಒಂದೇ ವಿಷಯದ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಸ್ಪೋರ್ಟ್ಸ್ ಕಾರಿನ ಬಾನೆಟ್ ಕೊರೆದು, ಮನೆಯಲ್ಲಿಯೇ ತಯಾರಿಸಿದ ಸ್ಕೂಪ್ (ಗಾಳಿ ಹಿಡಿಯುವ ಬಾಯಿಯಿರುವ ಉಬ್ಬು) ಕೂರಿಸಿ ಎಂಜಿನ್ನಿಗೆ ಗಾಳಿ ಕೊಡುವುದು ವಿಷಯ. ದಯವಿಟ್ಟು ಬೇರೆ ಸಂಗತಿಗಳನ್ನು ಇಲ್ಲಿ ತರಬೇಡಿ.

ಕಾರವಾರದ ಸದಸ್ಯ: ನಮಸ್ಕಾರ ಸರ್. ನನ್ನ ಬಳಿ ಗೋವಾದಲ್ಲಿ ತಯಾರಾಗುತ್ತಿದ್ದ ಎರಡು ಆಸನಗಳ ಸಾನ್ ಸ್ಟಾರ್ಮ್ ಕಾರು ಇದೆ. ಫೈಬರ್ ಮೈ, 1149 ಸಿಸಿಯ ರೆನೋ ಎಂಜಿನ್, ಹೊಸದಿದ್ದಾಗ ಸುಮಾರು 60 ಅಶ್ವಶಕ್ತಿ. ಬೈತಖೋಲದಲ್ಲಿ ಮೀನುಗಾರಿಕೆಯ ದೋಣಿಗಳಿಗೆ ಫೈಬರ್ ಹಚ್ಚುವ ಗೆಳೆಯನೊಬ್ಬ ಬಾನೆಟ್‌ಗೆ ಸ್ಕೂಪ್ ಮಾಡಿಕೊಡುತ್ತೇನೆ ಎನ್ನುತ್ತಾನೆ. ಬಾನೆಟ್ಟಿನ ಮುಂಭಾಗದಲ್ಲಿ ಕೊರೆದು ನೇರವಾಗಿ ಏರ್ ಫಿಲ್ಟರಿಗೆ ಗಾಳಿ ಕೊಟ್ಟರೆ ಎಷ್ಟು ಶಕ್ತಿ ಹೆಚ್ಚಬಹುದು?

ಉತ್ತರ: ಈ ಕಾರನ್ನು ಇಂದಿಗೂ ಓಡಿಸುತ್ತಿರುವವರು ನಮ್ಮ ಜಿಲ್ಲೆಯಲ್ಲಿ ಇದ್ದಾರೆಂದು ತಿಳಿದು ಬಹಳ ಸಂತೋಷವಾಯಿತು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ವೇಗದಿಂದ ನುಗ್ಗುವ ಗಾಳಿಯ ಒತ್ತಡದಿಂದಲೇ ಶಕ್ತಿ ಹೆಚ್ಚುತ್ತದೆ ಎಂಬ ಮಾತನ್ನು ಮೊದಲು ಲೆಕ್ಕ ಹಾಕಿ ನೋಡೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರಿನ ಗಾಳಿಯನ್ನು ಪೂರ್ತಿಯಾಗಿ ತಡೆದು ನಿಲ್ಲಿಸಿದರೂ ಸಿಗುವ ಹೆಚ್ಚುವರಿ ಒತ್ತಡ ಸುಮಾರು 460 ಪಾಸ್ಕಲ್, ಅಂದರೆ 47 ಮಿ.ಮೀ. ಎತ್ತರದ ನೀರಿನಷ್ಟು. ವಾತಾವರಣದ ಒತ್ತಡವೇ 1,01,325 ಪಾಸ್ಕಲ್ ಇರುವಾಗ ಇದು ಶೇಕಡಾ ಅರ್ಧವೂ ಆಗುವುದಿಲ್ಲ. ನಿಮ್ಮ 60 ಅಶ್ವಶಕ್ತಿಗೆ ಸೇರುವುದು ಒಂದು ಕುದುರೆಯ ಕಾಲು. ಆ ಪದವನ್ನು ಯಾವ ಅರ್ಥದಲ್ಲಿ ಓದಿದರೂ ಅಡ್ಡಿಯಿಲ್ಲ.

ನಿಜವಾದ ಲಾಭವೇನಾದರೂ ಇದ್ದರೆ ಅದು ತಂಪಿನಿಂದ ಬರುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿ 3 ಡಿಗ್ರಿ ತಣ್ಣಗಾದರೆ ಅದರ ಸಾಂದ್ರತೆ ಸುಮಾರು ಶೇಕಡಾ 1ರಷ್ಟು ಏರುತ್ತದೆ. ಬಾನೆಟ್ಟಿನ ಒಳಗೆ 60 ಡಿಗ್ರಿಯ ಗಾಳಿಯನ್ನು ಕುಡಿಯುತ್ತಿರುವ ಎಂಜಿನ್ನಿಗೆ ಹೊರಗಿನ 30 ಡಿಗ್ರಿಯ ಗಾಳಿ ಕೊಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಆದರೆ ಬಹುತೇಕ ಕಾರುಗಳಲ್ಲಿ ಕಂಪನಿಯವರೇ ಗಾಳಿಯ ಬಾಯಿಯನ್ನು ಗ್ರಿಲ್ಲಿನ ಹಿಂದೆಯೋ ಫೆಂಡರಿನ ಒಳಗೋ ಇಟ್ಟು ಹೊರಗಿನ ಗಾಳಿಯನ್ನೇ ಕೊಟ್ಟಿರುತ್ತಾರೆ. ಆದ್ದರಿಂದ ಏರ್‌ಬಾಕ್ಸಿನ (ಏರ್ ಫಿಲ್ಟರ್ ಕೂರುವ ಡಬ್ಬಿಯ) ಒಳಗೆ ಒಂದು ಥರ್ಮಾಮೀಟರಿನ ತಂತಿ ಇಳಿಸಿ, ಕಾರು ನಿಂತಾಗ ಎಷ್ಟು, 80ರಲ್ಲಿ ಓಡುವಾಗ ಎಷ್ಟು ಎಂದು ಬರೆದುಕೊಳ್ಳಿ.

ಇನ್ನು ಕೊರೆಯುವ ಜಾಗದ ವಿಚಾರ. ಬಾನೆಟ್ಟಿನ ಮುಂಭಾಗದಲ್ಲಿ ಗಾಳಿ ವೇಗವಾಗಿ ಬಾಗಿ ಹರಿಯುವುದರಿಂದ ಅಲ್ಲಿ ಒತ್ತಡ ಕುಸಿಯುವುದೇ ಹೆಚ್ಚು. ಮುಂಗಾಜಿನ ಬುಡದಲ್ಲಿ ಗಾಳಿ ತಡೆದು ನಿಲ್ಲುವುದರಿಂದ ಒತ್ತಡ ಏರುತ್ತದೆ. ಅಮೆರಿಕದ ಕೆಲವು ಹಳೆಯ ಕಮಾರೋ ಕಾರುಗಳ ಸ್ಕೂಪು ಹಿಂದುಮುಂದಾಗಿ, ಗಾಜಿನ ಕಡೆಗೆ ಬಾಯಿ ತೆರೆದಿರುವುದು ಇದೇ ಕಾರಣಕ್ಕೆ. ಇದನ್ನು ನೀವೇ ಅಳೆಯಬಹುದು. ಗೌಂಡಿ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪಿನ ತುಂಡನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧಕ್ಕೆ ನೀರು ತುಂಬಿ. ಮುರುಗಲು ಸಿಪ್ಪೆ ನೆನೆಸಿದ ನೀರಾದರೆ ಕೆಂಪಗೆ ಚೆನ್ನಾಗಿ ಕಾಣುತ್ತದೆ. ಒಂದು ಕೊನೆಯನ್ನು ಬಾನೆಟ್ಟಿನ ಮೇಲೆ ನೀವು ಕೊರೆಯಬೇಕೆಂದಿರುವ ಜಾಗದಲ್ಲಿ ಟೇಪು ಹಾಕಿ ಅಂಟಿಸಿ, ಇನ್ನೊಂದನ್ನು ಈಗಿರುವ ಗಾಳಿಯ ಬಾಯಿಯ ಬಳಿ ಇಡಿ. ಹಲಗೆಯನ್ನು ಪಕ್ಕದಲ್ಲಿ ಕುಳಿತವರು ಹಿಡಿದಿರಲಿ. ಬಾನೆಟ್ಟಿನ ಕಡೆಯ ನೀರು ಕೆಳಗಿಳಿದರೆ ಅಲ್ಲಿ ಒತ್ತಡ ಹೆಚ್ಚು, ಮೇಲೇರಿದರೆ ಅಲ್ಲಿ ಎಳೆತ ಇದೆ ಎಂದು ತಿಳಿಯಿರಿ. ಅಳತೆ ಬರುವವರೆಗೆ ಗೆಳೆಯರ ಕೈಗೆ ಗ್ರೈಂಡರ್ ಕೊಡಬೇಡಿ.

ಯಲ್ಲಾಪುರದ ಸದಸ್ಯ: ಸರ್, ಸ್ಕೂಪ್ ಹಾಕಿದರೆ ಮೈಲೇಜು ಎಷ್ಟು ಹೆಚ್ಚುತ್ತದೆ?

ಉತ್ತರ: ಹೆಚ್ಚುವುದಿಲ್ಲ.

ಹಳಿಯಾಳದ ಸದಸ್ಯ: ಹಳೆಯ ಫಾರ್ಚ್ಯುನರಿಗೆ ಕಂಪನಿಯವರೇ ಸ್ಕೂಪ್ ಕೊಟ್ಟಿದ್ದರಲ್ಲ, ಅದರಲ್ಲಿ ಏನೂ ಲಾಭವಿಲ್ಲವೇ?

ಉತ್ತರ: ಮೊದಲ ಪೀಳಿಗೆಯ 3.0 ಲೀಟರ್ ಡೀಸೆಲ್ ಫಾರ್ಚ್ಯುನರಿನ ಸ್ಕೂಪಿನ ಗಾಳಿ ಏರ್ ಫಿಲ್ಟರಿಗೆ ಹೋಗುವುದಿಲ್ಲ. ಎಂಜಿನ್ನಿನ ಮೇಲೆ ಕೂರಿಸಿರುವ, ಟರ್ಬೊ ಒತ್ತಿ ಕಳುಹಿಸುವ ಬಿಸಿಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಮೂಲಕ ಹಾದು ಅದನ್ನು ತಂಪು ಮಾಡುತ್ತದೆ. ಸುಬಾರು ಡಬ್ಲ್ಯುಆರ್‌ಎಕ್ಸ್ ಕಾರಿನಲ್ಲಿಯೂ ಹಾಗೆಯೇ. ಟರ್ಬೊ ಇಲ್ಲದ, ಮೇಲೆ ಇಂಟರ್‌ಕೂಲರ್ ಇಲ್ಲದ ಕಾರಿಗೆ ಅದನ್ನು ನೋಡಿ ನಕಲು ಮಾಡಿದರೆ ಮಳೆನೀರಿಗೆ ಬಾಗಿಲು ತೆರೆದಂತಾಗುತ್ತದೆ, ಅಷ್ಟೆ.

ಭಟ್ಕಳದ ಸದಸ್ಯ: ನನಗೆ ಬಂದಿರುವ ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ, ಎಲ್ಲರಿಗೂ ಉಪಯೋಗವಾಗಲಿ. "ಏರ್ ಫಿಲ್ಟರ್ ತೆಗೆದು ಹಳೆಯ ನೈಲಾನ್ ಕಾಲುಚೀಲ ಬಿಗಿಯಿರಿ, ಬಾನೆಟ್ ಕೊರೆದು ನಲ್ಲಿಯ ಪಿವಿಸಿ ಪೈಪು ಜೋಡಿಸಿ, ಅದರೊಳಗೆ ಹಳೆಯ ಕಂಪ್ಯೂಟರಿನ ಫ್ಯಾನ್ ಕೂರಿಸಿ, ಟರ್ಬೊ ಬೇಕಾಗಿಲ್ಲ, ಶೇ. 20 ಶಕ್ತಿ ಖಚಿತ."

ಉತ್ತರ: ಇದನ್ನು ದಯವಿಟ್ಟು ಮುಂದೆ ಯಾರಿಗೂ ಕಳುಹಿಸಬೇಡಿ. 1.2 ಲೀಟರಿನ ಎಂಜಿನ್ 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 3500 ಲೀಟರ್ ಗಾಳಿ ಎಳೆಯುತ್ತದೆ. ಆ ಸೆಳೆತದ ದಾರಿಯಲ್ಲಿ ಕುಳಿತ ಪುಟ್ಟ ಫ್ಯಾನು ಗಾಳಿ ತಳ್ಳುವುದಿರಲಿ, ತಾನೇ ಅಡ್ಡಿಯಾಗುತ್ತದೆ. ಅದರ ರೆಕ್ಕೆ ಮುರಿದರೆ ತುಂಡು ಹೋಗುವುದು ಥ್ರಾಟಲಿನ ಕಡೆಗೆ. ಪಿವಿಸಿ 80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಸೈಲೆನ್ಸರ್ ಮ್ಯಾನಿಫೋಲ್ಡಿನ ಬಳಿ ಅದಕ್ಕಿಂತ ಹೆಚ್ಚು ಶಾಖವಿರುತ್ತದೆ. ಕಾಲುಚೀಲದ ವಿಷಯಕ್ಕೆ ಬಂದರೆ, ನಮ್ಮ ಕೆಂಪು ಮಣ್ಣಿನ ರಸ್ತೆಗಳ ಧೂಳು ಅದನ್ನು ದಾಟಿ ಸಿಲಿಂಡರಿಗೆ ಇಳಿದು ಪಿಸ್ಟನ್ ರಿಂಗುಗಳನ್ನು ಉಪ್ಪುಕಾಗದದಂತೆ ತಿಕ್ಕುತ್ತದೆ. ಕಾಲುಚೀಲವನ್ನು ಕಾಲಿಗೇ ಹಾಕಿಕೊಳ್ಳಿ.

ಭಟ್ಕಳದ ಸದಸ್ಯ: ನಾನು ಬಂದದ್ದನ್ನು ಹಾಕಿದೆ, ಅಷ್ಟೆ. ಸಿಟ್ಟಾಗುವ ಅಗತ್ಯವಿರಲಿಲ್ಲ.

ಹೊನ್ನಾವರದ ಸದಸ್ಯ: ಇಷ್ಟೆಲ್ಲ ಚರ್ಚೆಯೇ ವ್ಯರ್ಥ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಕಂಪನಿಯ ಮೂಲ ವಿವರಗಳನ್ನು ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದಿದೆ.

ದಾಂಡೇಲಿಯ ಸದಸ್ಯ: ಆ ಕಲಮು ಹೇಳುವುದು ಆರ್‌ಸಿಯಲ್ಲಿ ನಮೂದಾದ ವಿವರಗಳ ಬಗ್ಗೆ. ಬಾನೆಟ್ಟಿನ ಮೇಲಿನ ಉಬ್ಬು ಆರ್‌ಸಿಯಲ್ಲಿ ಎಲ್ಲಿ ನಮೂದಾಗಿದೆ, ತೋರಿಸಿ.

ಹೊನ್ನಾವರದ ಸದಸ್ಯ: ಅದನ್ನು ಆರ್‌ಟಿಓ ಕಚೇರಿಯಲ್ಲಿಯೇ ವಾದಿಸಿ. 182ಎ ಕಲಮಿನಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಎರಡೂ ಇವೆ.

ದಾಂಡೇಲಿಯ ಸದಸ್ಯ: ಪುಸ್ತಕ ಓದಿದವರೆಲ್ಲ ವಕೀಲರಾಗುವುದಿಲ್ಲ.

ಉತ್ತರ: ಇಬ್ಬರೂ ನಿಲ್ಲಿಸಿ. ಅನುಮತಿಯಿಲ್ಲದೆ ಕೊರೆದ ಬಾನೆಟ್ಟನ್ನು ತಪಾಸಣೆಯಲ್ಲಿ ತಡೆಯುವ ಅಧಿಕಾರಿ ನಿಮ್ಮ ವ್ಯಾಖ್ಯಾನ ಕೇಳುತ್ತಾ ನಿಲ್ಲುವುದಿಲ್ಲ, ಅಪಘಾತವಾದರೆ ವಿಮೆಯವರೂ ಅದನ್ನೇ ಮೊದಲು ನೋಡುತ್ತಾರೆ. ಇನ್ನೊಂದು ಮಾತು: ತಗಡಿನ ಬಾನೆಟ್ಟಿನ ಅಡಿಯಲ್ಲಿರುವ ಪಟ್ಟಿಗಳು ಬರಿಯ ಬಿಗಿಗಾಗಿ ಇರುವುದಲ್ಲ, ಢಿಕ್ಕಿಯಲ್ಲಿ ಬಾನೆಟ್ ಎಲ್ಲಿ ಮಡಚಿಕೊಳ್ಳಬೇಕೆಂಬುದನ್ನೂ ಅವೇ ನಿರ್ಧರಿಸುತ್ತವೆ. ಅವುಗಳನ್ನು ಕತ್ತರಿಸಿದ ಬಾನೆಟ್ ನನ್ನ ಗ್ಯಾರೇಜಿಗೆ ಬಂದರೆ ಬೇರೆ ಬಾನೆಟ್ ತನ್ನಿ ಎಂದು ಹೇಳಿ ಕಳುಹಿಸುತ್ತೇನೆ.

ಸಿದ್ದಾಪುರದ ಸದಸ್ಯ: ಎಣ್ಣೆ ಸವರುವ ಹತ್ತಿಯ ಫಿಲ್ಟರ್ ಒಳ್ಳೆಯದೋ, ಕಾಗದದ್ದೋ?

ಉತ್ತರ: ಕಾಗದದ್ದು. ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರಿನ ಬಿಸಿತಂತಿಗೆ ಅಂಟುತ್ತದೆ.

ಅಂಕೋಲೆಯ ಸದಸ್ಯ: ಸರ್, ತುರ್ತಾಗಿ ಸಹಾಯ ಬೇಕು. 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರನ್ನು ಸ್ಪೋರ್ಟ್ಸ್ ಕಾರಿನಂತೆ ಮಾಡಿಸಿ, ಬಾನೆಟ್ ಕೊರೆದು, ಕೆಳಗೆ ನೇರವಾಗಿ ಶಂಕುವಿನಾಕಾರದ ತೆರೆದ ಫಿಲ್ಟರ್ ಇಟ್ಟಿದ್ದೆ. ನಿನ್ನೆ ರಾತ್ರಿಯ ದೊಡ್ಡ ಮಳೆಯಲ್ಲಿ ಓಡುತ್ತಿದ್ದಾಗಲೇ ನಿಂತುಹೋಯಿತು. ಎರಡು ಸಲ ಸೆಲ್ಫ್ ಹೊಡೆದೆ, "ಟಕ್" ಎಂದು ಅಲ್ಲಿಯೇ ನಿಂತಿತು. ಈಗ ಬಿಸಿಲು ಬಂದಿದೆ, ಇನ್ನೊಂದು ಬ್ಯಾಟರಿ ತಂದು ಪ್ರಯತ್ನಿಸಲೇ?

ಉತ್ತರ: ಬೇಡ. ಈ ಉತ್ತರ ಓದಿ ಮುಗಿಸುವ ಮೊದಲೇ ಹೋಗಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಮನೆಯಲ್ಲಿ ಬೇರೆಯವರು ಕೀಲಿ ತಿರುಗಿಸದಿರಲಿ.

ನಿಮ್ಮ ಎಂಜಿನ್ನಿನ ಸಿಲಿಂಡರಿಗೆ ನೀರು ಹೋಗಿರುವ ಸಾಧ್ಯತೆಯೇ ಹೆಚ್ಚು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ನಾಲ್ಕು ಸಿಲಿಂಡರುಗಳ 1.2 ಲೀಟರ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರ್ 300 ಸಿಸಿ. ಕಂಪ್ರೆಷನ್ 10ಕ್ಕೆ 1 ಎಂದು ಹಿಡಿದರೆ ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಸುಮಾರು 33 ಸಿಸಿ, ಅಂದರೆ ಎರಡು ದೊಡ್ಡ ಚಮಚ ನೀರು ಹಿಡಿಸುವಷ್ಟು. ಅದಕ್ಕಿಂತ ಒಂದು ಗುಟುಕು ಹೆಚ್ಚಾದರೆ ಬಾಗುವುದು ಪಿಸ್ಟನ್ನನ್ನು ಮೇಲೆ ಕೆಳಗೆ ತಳ್ಳುವ ಕನೆಕ್ಟಿಂಗ್ ರಾಡ್. ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುತ್ತದೆ ಎಂಬುದನ್ನು ನಿಮ್ಮ ಬಾನೆಟ್ ಕೊರೆದವರು ಮರೆತಿದ್ದರೆಂದು ಕಾಣುತ್ತದೆ.

ಕಾರನ್ನು ಟೋ ಮಾಡಿಸಿ ಹತ್ತಿರದ ಒಳ್ಳೆಯ ಮೆಕ್ಯಾನಿಕ್ಕರ ಬಳಿ ಇಂದೇ ಒಯ್ಯಿರಿ. ಗೇರಿನಲ್ಲಿಟ್ಟು ತಳ್ಳಿ ಸ್ಟಾರ್ಟ್ ಮಾಡುವ ಸಾಹಸ ಬೇಡ. ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಸಿ. ಪೆಟ್ರೋಲ್ ಪಂಪಿನ ಫ್ಯೂಸು ಮತ್ತು ಕಾಯಿಲುಗಳ ಕನೆಕ್ಟರ್ ತೆಗೆಸಿದ ಮೇಲೆಯೇ ಎಂಜಿನ್ ತಿರುಗಿಸಲಿ, ಇಲ್ಲವಾದರೆ ಪ್ಲಗ್ಗಿನ ತೂತಿನಿಂದ ಹಾರುವ ಪೆಟ್ರೋಲಿಗೆ ಕಿಡಿ ತಗುಲಬಹುದು. ಮೊದಲು ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸಬೇಕು, ಸರಾಗವಾಗಿ ಸುತ್ತಿದರೆ ಮಾತ್ರ ಸೆಲ್ಫ್. ನೀರೆಲ್ಲ ಹೊರಬಿದ್ದ ಮೇಲೆ ಪ್ರತಿ ತೂತಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಡಬೇಕು. ನೀರು ಕುಳಿತ ಸಿಲಿಂಡರ್ ಗೋಡೆಗೆ ತುಕ್ಕು ಬೇಗ ಹತ್ತುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಆಯಿಲನ್ನೂ ಅದರ ಫಿಲ್ಟರನ್ನೂ ಬದಲಿಸದೆ ಸ್ಟಾರ್ಟ್ ಮಾಡಬಾರದು. ಆಮೇಲೆ ಪ್ರತಿ ಪಿಸ್ಟನ್ ಮೇಲೆ ಬಂದಾಗ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಪ್ಲಗ್ಗಿನ ತೂತಿನಿಂದ ಅಳೆಯಲಿ. ಒಂದೇ ಒಂದು ಉಳಿದವಕ್ಕಿಂತ ತಗ್ಗಿನಲ್ಲಿ ನಿಂತರೆ ಅದರ ರಾಡ್ ಬಾಗಿದೆ. ಬಾಗಿದ ರಾಡಿನಲ್ಲಿಯೂ ಕಾರು ಕೆಲವು ದಿನ ಓಡುತ್ತದೆ, ಆಮೇಲೆ ಒಂದು ದಿನ ದೇವಿಮನೆ ಘಟ್ಟದಂಥ ಏರಿನಲ್ಲಿ ಬ್ಲಾಕ್ ಒಡೆದು ಹೊರಬರುತ್ತದೆ. ಏನು ಕಂಡಿತೆಂದು ಇಲ್ಲಿಯೇ ಬರೆಯಿರಿ.

ಕುಮಟೆಯ ಸದಸ್ಯ: ಹುಬ್ಬಳ್ಳಿಯಲ್ಲಿ ಅಂಟಿಸುವ ರೆಡಿಮೇಡ್ ಸ್ಕೂಪ್ ಎಲ್ಲಿ ಸಿಗುತ್ತದೆ?

ಮುಂಡಗೋಡದ ಸದಸ್ಯ: ಕಪ್ಪು ಸ್ಕೂಪ್ ಚೆನ್ನಾಗಿ ಕಾಣುತ್ತದೆಯೋ, ಕಾರಿನ ಬಣ್ಣದ್ದೋ?

ಶಿರಸಿಯ ಸದಸ್ಯ: ಸರ್, ಮೈಲೇಜಿನ ಬಗ್ಗೆ ಹೇಳಲಿಲ್ಲ.

ಉತ್ತರ: ಮೇಲೆ ಓದಿ.

ದಾಂಡೇಲಿಯ ಸದಸ್ಯ: ಕರಾವಳಿಯವರು ನೀರಿನಲ್ಲಿ ಕಾರು ಓಡಿಸುವುದನ್ನು ಮೊದಲು ಕಲಿಯಬೇಕು. ನಮ್ಮ ಕಡೆಯೂ ಮಳೆ ಬರುತ್ತದೆ, ಯಾರ ಎಂಜಿನ್ನೂ ಮುಳುಗಿಲ್ಲ.

ಅಂಕೋಲೆಯ ಸದಸ್ಯ: ಕಾರು ನೀರಿಗೆ ಇಳಿದೇ ಇರಲಿಲ್ಲ, ಮೇಲಿನಿಂದ ಬಂದ ನೀರು. ಓದಿ ಮಾತನಾಡಿ.

ಹೊನ್ನಾವರದ ಸದಸ್ಯ: ಅವರು ಆರ್‌ಸಿಯನ್ನೂ ಹಾಗೆಯೇ ಓದುವುದು.

ನಿರ್ವಾಹಕರು: ಇನ್ನೊಮ್ಮೆ ಹೀಗಾದರೆ ಇಬ್ಬರನ್ನೂ ಗುಂಪಿನಿಂದ ತೆಗೆಯಬೇಕಾಗುತ್ತದೆ.

ಅಂಕೋಲೆಯ ಸದಸ್ಯ: ಸರ್, ಮೆಕ್ಯಾನಿಕ್ ನೋಡಿದರು. ಮೂರನೆಯ ಪ್ಲಗ್ಗಿನ ತೂತಿನಿಂದ ನೀರು ಚಿಮ್ಮಿತು. ಮೂರನೆಯ ಪಿಸ್ಟನ್ ಉಳಿದವಕ್ಕಿಂತ ಸುಮಾರು 2 ಮಿ.ಮೀ. ಕೆಳಗೆ ನಿಲ್ಲುತ್ತಿದೆ. ಹಾಗೆಯೇ ಓಡಿಸಬಹುದು ಎಂದು ಗೆಳೆಯರು ಹೇಳುತ್ತಿದ್ದಾರೆ.

ಉತ್ತರ: ಗೆಳೆಯರು ಎಂಜಿನ್ ಕೊಡಿಸುತ್ತಾರೆಯೇ ಎಂದು ಕೇಳಿ. ರಾಡ್ ಬಾಗಿದೆ. ಹೆಡ್ ಮತ್ತು ಆಯಿಲ್ ಸಂಪ್ ಬಿಚ್ಚಿಸಿ ರಾಡ್ ಬದಲಿಸಿ, ಬೇರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ನೋಡಿಸಿ. ಕಂಪನಿಯ ಏರ್‌ಬಾಕ್ಸನ್ನು ವಾಪಸು ಕೂರಿಸಿ.

ಕಾರವಾರದ ಸದಸ್ಯ: ಸರ್, ಮಳೆ ಬಿಟ್ಟ ಮಧ್ಯಾಹ್ನ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಅಳೆದೆವು. ಗೆಳೆಯ ಕೊರೆಯಬೇಕೆಂದು ಗುರುತು ಹಾಕಿದ್ದ ಮುಂಭಾಗದ ಜಾಗದಲ್ಲಿ ಬಾನೆಟ್ಟಿನ ಕಡೆಯ ಕೆಂಪು ನೀರು ಮೇಲೇರಿ, ಎರಡೂ ಕಡೆಗಳ ಮಟ್ಟಕ್ಕೆ 9 ಮಿ.ಮೀ. ಅಂತರ ಬಂತು. ಗಾಜಿನ ಬುಡದಲ್ಲಿ ಅದೇ ನೀರು ಕೆಳಗಿಳಿದು, ಅಂತರ 7 ಮಿ.ಮೀ. ಹೊರಗೆ 33 ಡಿಗ್ರಿ ಇದ್ದಾಗ ಏರ್‌ಬಾಕ್ಸಿನ ಒಳಗೆ ಓಡುವಾಗ 39, ರೈಲ್ವೆ ಗೇಟಿನಲ್ಲಿ ನಿಂತಾಗ 58.

ಉತ್ತರ: ಇಡೀ ವಾರದಲ್ಲಿ ಓದಲು ಸಂತೋಷವಾದ ಬರಹ ಇದೊಂದೇ. ಗೆಳೆಯರು ಗುರುತು ಹಾಕಿದ ಜಾಗದಲ್ಲಿ ಕೊರೆದಿದ್ದರೆ ಗಾಳಿ ಒಳಗೆ ಬರುವ ಬದಲು ಹೊರಗೆ ಹೋಗುತ್ತಿತ್ತು. ಓಡುವಾಗಿನ ವ್ಯತ್ಯಾಸ 6 ಡಿಗ್ರಿ ಮಾತ್ರ, ಅದನ್ನು ಪೂರ್ತಿ ಗಳಿಸಿದರೂ ಶೇಕಡಾ 2. ಅಂದರೆ ಒಂದು ಕುದುರೆಗಿಂತ ತುಸು ಹೆಚ್ಚು. ಅದಕ್ಕಾಗಿ ಇನ್ನು ಸಿಗದ ಬಾನೆಟ್ಟನ್ನು ಹಾಳುಮಾಡಬೇಡಿ. ಏರ್‌ಬಾಕ್ಸಿಗೂ ಎಂಜಿನ್ನಿಗೂ ನಡುವೆ ತೆಳು ಅಲ್ಯೂಮಿನಿಯಂ ಶೀಟಿನ ಮರೆ ಕಟ್ಟಿ, ಹಳೆಯ ಹೋಸು ಬಿರುಕು ಬಿಟ್ಟಿದ್ದರೆ ಬದಲಿಸಿ, ಮತ್ತೆ ಅಳೆಯಿರಿ. ಆ 58 ಇಳಿಯಬೇಕು.

ಆ 9 ಮಿ.ಮೀ. ಎಳೆತ ಮಾತ್ರ ನನಗೆ ಕುತೂಹಲ ಹುಟ್ಟಿಸಿದೆ. ರೇಡಿಯೇಟರಿನ ಹಿಂದಿನ ಬಿಸಿಗಾಳಿಯನ್ನು ಹೊರಗೆ ಬಿಡಲು ಅದು ತಕ್ಕ ಜಾಗ. ದೋಣಿಯವರು ಮಾಡುವುದಿದ್ದರೆ ಮೂಲ ಬಾನೆಟ್ಟನ್ನು ಮುಟ್ಟದೆ, ಅದರಿಂದ ಅಚ್ಚು ತೆಗೆದು ಇನ್ನೊಂದು ಬಾನೆಟ್ ಎರೆಯಲಿ. ರೆಸಿನ್ ಶಾಖಕ್ಕೆ ಮೆತ್ತಗಾಗದ ದರ್ಜೆಯದಾಗಿರಲಿ, ಕೊರೆದ ಅಂಚಿನ ಬರಿಯ ನಾರಿಗೆ ರೆಸಿನ್ ಸವರಿ ಮುಚ್ಚಲಿ, ಕೆಳಗೆ ನೀರು ಬಸಿದುಹೋಗುವ ತಟ್ಟೆ ಇರಲಿ. ರಸ್ತೆಗೆ ಇಳಿಸುವ ಮೊದಲು ಆರ್‌ಟಿಓದಲ್ಲಿ ಕೇಳಿ. ಅಚ್ಚು ತೆಗೆಯುವ ದಿನ ತಿಳಿಸಿದರೆ ಘಟ್ಟ ಇಳಿದು ಬರುತ್ತೇನೆ.

ಯಲ್ಲಾಪುರದ ಸದಸ್ಯ: ಸರ್, ಹಾಗಾದರೆ ಬಿಸಿಗಾಳಿ ಹೊರಗೆ ಬಿಟ್ಟರೆ ಮೈಲೇಜು?