ಯುಲಿಮಿಟ್ 65536 ಕೊಟ್ಟರೂ ಸರ್ವಿಸ್ 1024ಕ್ಕೇ ನಿಲ್ಲುತ್ತಿದೆ

ಸಂಪ್‌ಮೀಟರ್ (ಪ್ರಶ್ನೆ):

ನಮಸ್ಕಾರ. ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟ್ ಸಂಪುಗಳಲ್ಲಿ ಕೂರಿಸಿರುವ ನೀರಿನ ಮಟ್ಟದ ಮೀಟರ್‌ಗಳಿಂದ ಡೇಟಾ ತಗೊಳ್ಳೋ ಪೈಥಾನ್ ಪ್ರೋಗ್ರಾಂ ಇದು. ಉಬುಂಟು 22.04, 8 ಜಿಬಿ ರ್‍ಯಾಮ್. ಹಿನ್ನೆಲೆ ಪ್ರೋಗ್ರಾಂಗಳನ್ನು ನಡೆಸುವ ಸಿಸ್ಟಮ್‌ಡಿ ಕೆಳಗೆ ಸರ್ವಿಸ್ ಆಗಿ ಓಡುತ್ತದೆ, ಮೀಟರಿಗೊಂದು ಸಾಕೆಟ್ (ನೆಟ್‌ವರ್ಕ್ ಸಂಪರ್ಕ, ಲಿನಕ್ಸ್ ಇದನ್ನೂ ತೆರೆದ ಫೈಲ್ ಅಂತಲೇ ಎಣಿಸುತ್ತದೆ). ಸಾವಿರದ ಆಸುಪಾಸು ಬಂದ ಕೂಡಲೇ ಲಾಗ್‌ನಲ್ಲಿ "ಟೂ ಮೆನಿ ಓಪನ್ ಫೈಲ್ಸ್" ಬೀಳುತ್ತದೆ, ಹೊಸ ಮೀಟರ್ ಸೇರಲ್ಲ.

ತೆರೆದ ಫೈಲ್‌ಗಳ ಮಿತಿ ಏರಿಸಲು ಟರ್ಮಿನಲ್‌ನಲ್ಲಿ ಯುಲಿಮಿಟ್ -ಎನ್ 65536 ಕೊಟ್ಟೆ. ತಿರುಗಿ ಕೇಳಿದರೆ 65536 ಅಂತಲೇ ತೋರಿಸುತ್ತದೆ. ಸರ್ವಿಸ್ ರೀಸ್ಟಾರ್ಟ್ ಮಾಡಿದರೂ ಅದೇ ಎರರ್. ಮುಂದೆ ಸೂಡೊ ಸೇರಿಸಿದರೆ "ಕಮಾಂಡ್ ನಾಟ್ ಫೌಂಡ್" ಅನ್ನುತ್ತದೆ. ಇನ್ನೊಂದು: ಅದೇ ಮೆಷಿನ್‌ನಲ್ಲಿ ರಾತ್ರಿ ಓಡುವ ರಿಪೋರ್ಟ್ ಸ್ಕ್ರಿಪ್ಟ್ ಮೆಮೊರಿ ಪೂರಾ ನುಂಗಿಬಿಡುತ್ತದೆ. ಅದಕ್ಕೆ 4 ಜಿಬಿ ಮಿತಿ ಹಾಕೋದು ಹೇಗೆ?

ಕಪ್ಪುಪರದೆ:

ಮಿತಿ ಮೆಷಿನ್‌ಗೆ ಅಂಟಿಕೊಂಡಿರಲ್ಲ, ಪ್ರೋಸೆಸ್‌ಗೆ ಅಂಟಿಕೊಂಡಿರುತ್ತದೆ. ಯುಲಿಮಿಟ್ ಶೆಲ್ ಒಳಗಿನದೇ ಕಮಾಂಡ್. ತಾನಿರುವ ಶೆಲ್‌ನ ಮಿತಿ ಬದಲಿಸುತ್ತದೆ, ಆಮೇಲೆ ಆ ಶೆಲ್‌ನಿಂದ ಹುಟ್ಟಿದ್ದಕ್ಕೆಲ್ಲ ಅದು ಬಳುವಳಿಯಾಗಿ ಹೋಗುತ್ತದೆ. ಶೆಲ್ ಒಳಗಿನದು, ಬೇರೆ ಫೈಲ್ ಅಲ್ಲ, ಅದಕ್ಕೇ ಸೂಡೊಗೆ ಯುಲಿಮಿಟ್ ಸಿಗಲ್ಲ. ನಿಮ್ಮ ಸರ್ವಿಸ್ ಹುಟ್ಟುವುದು ಪಿಐಡಿ (ಪ್ರೋಸೆಸ್ ಸಂಖ್ಯೆ) 1ರಿಂದ, ಅಂದರೆ ಸಿಸ್ಟಮ್‌ಡಿಯಿಂದ. ರೀಸ್ಟಾರ್ಟ್ ಅಂತ ನೀವು ಟೈಪ್ ಮಾಡಿದ್ದು ಈ ಟರ್ಮಿನಲ್‌ನಲ್ಲೇ ಆದರೂ, ನಿಮ್ಮ 65536 ಅದನ್ನು ಮುಟ್ಟುವ ದಾರಿಯೇ ಇಲ್ಲ.

ಮೊದಲು ಕಣ್ಣಾರೆ ನೋಡಿ. ಪ್ರೊಕ್ ಕೆಳಗೆ ಸರ್ವಿಸ್‌ನ ಪಿಐಡಿ ಫೋಲ್ಡರ್‌ನಲ್ಲಿ ಲಿಮಿಟ್ಸ್ ಅನ್ನುವ ಫೈಲನ್ನು ಕ್ಯಾಟ್ ಮಾಡಿದರೆ ಹೀಗೊಂದು ಸಾಲು ಇರಬೇಕು:

ಮ್ಯಾಕ್ಸ್ ಓಪನ್ ಫೈಲ್ಸ್    1024    524288    ಫೈಲ್ಸ್

ಮೊದಲನೆಯದು ಸಾಫ್ಟ್ ಮಿತಿ, ಈಗ ಜಾರಿಯಲ್ಲಿರುವುದು. ಎರಡನೆಯದು ಹಾರ್ಡ್ ಮಿತಿ, ಸಾಫ್ಟ್ ಏರಬಹುದಾದ ತುದಿ. ಸಾಫ್ಟ್ ಅನ್ನು 1024ರಲ್ಲೇ ಬಿಟ್ಟಿರುವುದಕ್ಕೆ ಕಾರಣ ಹಳೆಯ ಸೆಲೆಕ್ಟ್ ಕಾಲ್: 1023ಕ್ಕಿಂತ ದೊಡ್ಡ ಡಿಸ್ಕ್ರಿಪ್ಟರ್ (ತೆರೆದ ಫೈಲಿನ ಸಂಖ್ಯೆ) ಅದಕ್ಕೆ ಆಗಿಬರಲ್ಲ. ಪ್ರೋಗ್ರಾಂ ಎಸಿಂಕ್‌ಐಒ ಬಳಸುತ್ತಿದ್ದರೆ ಲಿನಕ್ಸ್‌ನಲ್ಲಿ ಅದು ಸೆಲೆಕ್ಟ್ ಬದಲು ಇಪೋಲ್ ಕಾಲ್ ಮೇಲೆ ನಡೆಯುತ್ತದೆ, ತೊಂದರೆಯಿಲ್ಲ.

ಸರಿ ಮಾಡಲು ಸಿಸ್ಟಮ್‌ಸಿಟಿಎಲ್ ಎಡಿಟ್ ಜತೆ ಸರ್ವಿಸ್ ಹೆಸರು ಕೊಟ್ಟು, ಸರ್ವಿಸ್ ಭಾಗದ ಕೆಳಗೆ ಇದೊಂದು ಸಾಲು ಹಾಕಿ, ರೀಸ್ಟಾರ್ಟ್ ಮಾಡಿ:

ಲಿಮಿಟ್‌ನೋಫೈಲ್=16384:524288

ಹಗಲು ಹೊತ್ತು ಮೀಟರ್‌ಗಳನ್ನು ಕಡಿಯುವ ಹಾಗಿಲ್ಲದಿದ್ದರೆ, ಓಡುತ್ತಿರುವ ಪ್ರೋಸೆಸ್‌ನ ಮಿತಿಯನ್ನೇ ಪಿಆರ್‌ಲಿಮಿಟ್‌ನಿಂದ ಏರಿಸಬಹುದು. ಇದಕ್ಕೆ ಸೂಡೊ ನಡೆಯುತ್ತದೆ, ಆದರೆ ಮುಂದಿನ ರೀಸ್ಟಾರ್ಟ್‌ವರೆಗೆ ಮಾತ್ರ:

ಸೂಡೊ ಪಿಆರ್‌ಲಿಮಿಟ್ --ಪಿಐಡಿ 4127 --ನೋಫೈಲ್=16384:524288

ಶೆಲ್‌ನಲ್ಲಿ ಕೆಲಸ ಮಾಡುವಾಗ ದೊಡ್ಡಕ್ಷರ ಎಸ್ (ಸಾಫ್ಟ್) ಅಥವಾ ಎಚ್ (ಹಾರ್ಡ್) ಸೇರಿಸುವ ಅಭ್ಯಾಸ ಇಟ್ಟುಕೊಳ್ಳಿ. ಬರೀ -ಎನ್ ಕೊಟ್ಟರೆ ಬ್ಯಾಶ್ ಎರಡು ಮಿತಿಯನ್ನೂ ಒಟ್ಟಿಗೆ ಬದಲಿಸುತ್ತದೆ. ಹಾರ್ಡ್ ಒಮ್ಮೆ ಇಳಿದರೆ ಸಾಮಾನ್ಯ ಯೂಸರ್‌ಗೆ ಆ ಶೆಲ್‌ನಲ್ಲಿ ಮತ್ತೆ ಏರಿಸಲು ಆಗದು. ಸಣ್ಣಕ್ಷರ ಎಸ್ ಬೇರೆಯೇ, ಅದು ಸ್ಟ್ಯಾಕ್ ಗಾತ್ರ.

ಲೋಟಸ್_ಬ್ಯಾಶ್:

ರಿಪೋರ್ಟ್ ಸ್ಕ್ರಿಪ್ಟ್ ವಿಷಯಕ್ಕೆ ಬರೋಣ. ಯುಲಿಮಿಟ್‌ನಲ್ಲಿ ರ್‍ಯಾಮ್ ಮಿತಿಗೆಂದಿರುವ -ಎಂ ಮುಟ್ಟಬೇಡಿ. ಕಮಾಂಡ್ ಎರರ್ ಇಲ್ಲದೆ ಒಪ್ಪಿಕೊಳ್ಳುತ್ತದೆ, ಆದರೆ ಈಗಿನ ಲಿನಕ್ಸ್ ಕರ್ನಲ್ ಆ ಮಿತಿಯನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಕೆಲಸ ಮಾಡುವುದು -ವಿ. ಅದರ ಲೆಕ್ಕ ಕೆಬಿಯಲ್ಲಿ, ಹಾಗಾಗಿ 4 ಜಿಬಿ ಅಂದರೆ 4194304. ಆವರಣದೊಳಗೆ ಕೊಟ್ಟರೆ ಸಬ್‌ಶೆಲ್‌ಗಷ್ಟೇ ತಗಲುತ್ತದೆ, ನಿಮ್ಮ ಶೆಲ್ ಹಾಗೇ ಉಳಿಯುತ್ತದೆ:

(ಯುಲಿಮಿಟ್ -ಎಸ್ -ವಿ 4194304 && ಪೈಥಾನ್3 ರಿಪೋರ್ಟ್.ಪಿವೈ)

ಎಸ್ ದೊಡ್ಡಕ್ಷರ, ವಿ ಸಣ್ಣಕ್ಷರ. ಆದರೆ -ವಿ ಅಳೆಯುವುದು ಬಳಸಿದ ರ್‍ಯಾಮ್ ಅಲ್ಲ, ಕಾದಿರಿಸಿದ ವರ್ಚುವಲ್ ವಿಳಾಸ. ನಂಪೈನಂಥ ಲೈಬ್ರರಿಗಳು ಥ್ರೆಡ್‌ಗಳಿಗೆಂದು ಮೊದಲೇ ಜಾಗ ಹಿಡಿದಿಡುತ್ತವೆ. ನಿಜವಾದ ಬಳಕೆ 1 ಜಿಬಿ ದಾಟುವ ಮೊದಲೇ ಮೆಮೊರಿಎರರ್ ಬಂದರೂ ಬಂತು. ಜಾವಾಗಂತೂ ಇದು ಹೊಂದಲ್ಲ. ನಿಜವಾದ ರ್‍ಯಾಮ್‌ಗೆ ಬೇಲಿ ಬೇಕಿದ್ದರೆ ಸಿಗ್ರೂಪ್ (ಪ್ರೋಸೆಸ್ ಗುಂಪಿಗೆ ಕರ್ನಲ್ ಹಾಕುವ ಮಿತಿ) ದಾರಿಯೇ ಸರಿ:

ಸಿಸ್ಟಮ್‌ಡಿ-ರನ್ --ಯೂಸರ್ --ಸ್ಕೋಪ್ -ಪಿ ಮೆಮೊರಿಮ್ಯಾಕ್ಸ್=4ಜಿ -ಪಿ ಮೆಮೊರಿಸ್ವಾಪ್‌ಮ್ಯಾಕ್ಸ್=0 ಪೈಥಾನ್3 ರಿಪೋರ್ಟ್.ಪಿವೈ

ವ್ಯತ್ಯಾಸ ಗಮನಿಸಿ: -ವಿ ಮೀರಿದರೆ ಪೈಥಾನ್‌ಗೆ ಎರರ್ ಸಿಗುತ್ತದೆ, ಹಿಡಿದು ಲಾಗ್ ಬರೆಯಬಹುದು. ಮೆಮೊರಿಮ್ಯಾಕ್ಸ್ ಮೀರಿದರೆ ಕರ್ನಲ್ ನೇರವಾಗಿ ಕೊಂದುಬಿಡುತ್ತದೆ.

ಸಂಪ್‌ಮೀಟರ್:

ಧನ್ಯವಾದ ಸರ್. 1024 / 524288 ಅಂತಲೇ ಇತ್ತು. ಲಿಮಿಟ್ಸ್ ಡಾಟ್ ಕಾನ್ಫ್‌ನಲ್ಲಿ ನೋಫೈಲ್ ಅನ್‌ಲಿಮಿಟೆಡ್ ಅಂತ ಬರೆದುಬಿಟ್ಟರೆ ಒಂದೇ ಸಲಕ್ಕೆ ಮುಗಿಯಲ್ವಾ? ಅಂದಹಾಗೆ ಮೀಟರ್ ಇರೋದೇ 700, ಅದು ಹೇಗೆ ಸಾವಿರ ಮುಟ್ಟುತ್ತೆ ಅನ್ನೋದೂ ಗೊತ್ತಾಗ್ತಿಲ್ಲ.

ಕಪ್ಪುಪರದೆ:

ಅನ್‌ಲಿಮಿಟೆಡ್ ದಯವಿಟ್ಟು ಬೇಡ. ಆ ಫೈಲ್ ಓದುವುದು ಲಾಗಿನ್ ನೋಡಿಕೊಳ್ಳುವ ಪ್ಯಾಮ್, ಅದೂ ಲಾಗಿನ್ ಹೊತ್ತಿಗೆ. ಸಿಸ್ಟಮ್‌ಡಿ ಸರ್ವಿಸ್‌ಗೆ ಅದು ತಗಲುವುದೇ ಇಲ್ಲ. ಮೇಲಾಗಿ ನೋಫೈಲ್‌ಗೆ ಎನ್‌ಆರ್‌_ಓಪನ್ ಎಂಬ ಕರ್ನಲ್ ಗಡಿ ಇದೆ, ಸಾಮಾನ್ಯವಾಗಿ 1048576. ಅದನ್ನು ಮೀರಿದ ಬೆಲೆ ಬರೆದರೆ ಮಿತಿ ಹಾಕುವುದೇ ವಿಫಲವಾಗಿ, ಎಸ್‌ಎಸ್‌ಎಚ್ ಲಾಗಿನ್ನೂ ಸೂಡೊನೂ ಒಟ್ಟಿಗೆ ಬಾಗಿಲು ಹಾಕಿಕೊಳ್ಳಬಹುದು. ಆ ಫೈಲ್ ಮುಟ್ಟುವಾಗ ಇನ್ನೊಂದು ರೂಟ್ ಸೆಷನ್ ತೆರೆದೇ ಇರಲಿ.

700 ಮೀಟರ್‌ಗೆ ಸಾವಿರ ಸಾಕೆಟ್ ಅಂದರೆ ಅಸಲಿ ರೋಗ ಬೇರೆ. ಕರೆಂಟ್ ಹೋದಾಗ ಮೀಟರ್ ವಿದಾಯ ಹೇಳದೆ ಸಾಯುತ್ತದೆ, ಕರೆಂಟ್ ಬಂದ ಮೇಲೆ ಹೊಸ ಸಾಕೆಟ್ ತೆರೆಯುತ್ತದೆ. ಹಳೆಯದು ನಿಮ್ಮ ಕಡೆ ಎಸ್ಟಾಬ್ಲಿಷ್ಡ್ (ಸಂಪರ್ಕ ಇದೆ) ಅಂತಲೇ ಕೂತಿರುತ್ತದೆ. ಕೀಪ್‌ಅಲೈವ್ (ಆಚೆ ಕಡೆ ಬದುಕಿದೆಯೇ ಎಂಬ ವಿಚಾರಣೆ) ಹಾಕದಿದ್ದರೆ ಅದು ಹೋಗುವುದೇ ಇಲ್ಲ. ಹಾಕಿದ್ದರೂ ಡಿಫಾಲ್ಟ್‌ನಲ್ಲಿ ಮೊದಲ ವಿಚಾರಣೆ 7200 ಸೆಕೆಂಡ್ ಆದ ಮೇಲೆ. ಸಾಕೆಟ್ ಮೇಲೆ ಎಸ್‌ಒ_ಕೀಪ್‌ಅಲೈವ್ ಹಾಕಿ, ಐಡಲ್ 60, ಇಂಟರ್ವಲ್ 10, ಕೌಂಟ್ 5 ಕೊಡಿ. ಸತ್ತ ಸಾಕೆಟ್ ಸುಮಾರು 110 ಸೆಕೆಂಡ್‌ನಲ್ಲಿ ಬಿಡುಗಡೆಯಾಗುತ್ತದೆ. ಪ್ರೊಕ್‌ನಲ್ಲಿ ಅದೇ ಪಿಐಡಿಯ ಎಫ್‌ಡಿ ಫೋಲ್ಡರ್‌ನ ಎಣಿಕೆಯನ್ನು ಕರೆಂಟ್ ಹೋಗುವ ಮೊದಲು, ಬಂದ ಮೇಲೆ ನೋಡಿ.

ಸಂಪ್‌ಮೀಟರ್:

ಹೌದು ಸರ್, ಒಂದೇ ಮೀಟರ್ ಐಡಿ ಎರಡು ಮೂರು ಸಾಕೆಟ್‌ನಲ್ಲಿ ಕೂತಿದೆ. ಪಿಆರ್‌ಲಿಮಿಟ್‌ನಿಂದ 16384 ಮಾಡಿದ ಕೂಡಲೇ ಕಾಯುತ್ತಿದ್ದ ಮೀಟರ್‌ಗಳು ಸೇರಿಕೊಂಡವು. ಕೀಪ್‌ಅಲೈವ್ ಕೋಡ್ ಇವತ್ತು ರಾತ್ರಿ ಹಾಕ್ತೀನಿ, ಲಿಮಿಟ್‌ನೋಫೈಲ್ ಸಾಲೂ ಅದರ ಜತೆಗೇ.